ಶಶಿಕಲಾ ಹೆಸರಿನಲ್ಲಿ ಬಂದ ನನ್ನ ರಿಪೋರ್ಟು

ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ಎರಡನೆಯ ಭಾನುವಾರ, ಬೆಳಗ್ಗೆ ಹತ್ತೂಮುಕ್ಕಾಲಿಗೆ ನಾನು ಕೊರಟಗೆರೆ ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ, ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಿನ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ನನ್ನ ಎಡಗಡೆ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ನನ್ನ ಹೆಂಡತಿ ಶಶಿಕಲಾ ನನ್ನಿಂದ ಎಂಟು ಅಡಿ ದೂರದಲ್ಲಿದ್ದಳು. ಎಂಟು ಅಡಿ ಎಂದು ಅಂದಾಜಿನ ಮೇಲೆ ಹೇಳುತ್ತಿಲ್ಲ. ಆಮೇಲೆ ಒಂದು ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಟೇಪು ಹಿಡಿದು ಅಳೆದಿದ್ದೇನೆ.

ನಾನು ಮಧುಗಿರಿ ಕಡೆ ಜಮೀನು ಅಳೆಯುವ ಲೈಸೆನ್ಸ್ ಸರ್ವೆಯರ್. ಅಳತೆ ಮುಗಿದ ಮೇಲೆ ಮಹಜರು ಬರೆಯುತ್ತೇವೆ. ಎಲ್ಲಿ ನಿಂತು ನೋಡಿದೆ, ಏನು ನೋಡಿದೆ, ಪಕ್ಕದಲ್ಲಿ ಯಾರಿದ್ದರು, ಇಷ್ಟೇ ಅದರಲ್ಲಿ ಇರಬೇಕು. ನನಗೆ ಬೇರೆ ರೀತಿ ಬರೆಯಲು ಬರುವುದಿಲ್ಲ.

ಅವತ್ತು ನನ್ನ ತಮ್ಮ ಲೋಕೇಶನ ಹೆಂಡತಿ ರಮ್ಯಳ ಸೀಮಂತ. ನಮ್ಮ ಮನೆಯಲ್ಲಿ ಬಸುರಿಯ ಮಡಿಲಿಗೆ ಮೊದಲ ಅಕ್ಕಿ ಹಾಕುವವಳು ಹಿರಿಯ ಸೊಸೆ. ಹಿರಿಯ ಸೊಸೆ ಶಶಿಕಲಾ. ಮದುವೆಯಾಗಿ ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ವೀಳ್ಯದೆಲೆ, ಹಸಿರು ಬಳೆ ಇಟ್ಟುಕೊಂಡು ಅವಳು ಎರಡು ಹೆಜ್ಜೆ ಮುಂದೆ ಬಂದಳು. ನನ್ನ ತಾಯಿ ಲಕ್ಷ್ಮೀದೇವಮ್ಮ ಎದ್ದು ಬಂದು ಎರಡೂ ಕೈಯಿಂದ ತಟ್ಟೆಯ ಅಂಚು ಹಿಡಿದರು.

"ನೀನು ಬ್ಯಾಡ ಬುಡು."

ಶಶಿಕಲಾ ತಟ್ಟೆ ಬಿಡಲಿಲ್ಲ. ಪಕ್ಕದ ಮನೆಯ ಗಂಗಮ್ಮ ಕೂತಲ್ಲಿಂದಲೇ ಹೇಳಿದರು: "ಹಿರೇ ಸೊಸೆ ಅಲ್ವೇನಕ್ಕ, ಹಾಕ್ಲಿ ಬುಡು. ಅಕ್ಕಿಗೇನು ಗೊತ್ತಾಯ್ತದಾ ಯಾರು ಹಾಕಿದ್ರು ಅಂತ?" ಎರಡು ಮೂರು ಹೆಂಗಸರು ನಕ್ಕರು.

"ಕಾಗ್ದದಲ್ಲೇ ಬರ್ಕೊಟ್ಟವ್ರೆ ಕಣಮ್ಮ, ಇವಳಲ್ಲೇ ಕಮ್ಮಿ ಐತೆ ಅಂತ" ಎಂದರು ಅಮ್ಮ. "ಗೊತ್ತಿದ್ದೂ ಗೊತ್ತಿದ್ದೂ ನಾನ್ ಹೆಂಗ್ ಹಾಕುಸ್ಲಿ?"

"ಯಾವ ಕಾಗ್ದ ಅತ್ತೆ?" ಎಂದಳು ಶಶಿಕಲಾ.

ನನ್ನ ಸೋದರಮಾವ ಮೂಡ್ಲಗಿರಿಯಪ್ಪ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಅದಕ್ಕೆ ಎರಡು ದಿನ ಮುಂಚೆ ತನ್ನ ಹೊಲದ ನಕ್ಷೆ ಹುಡುಕಲು ಅವನು ನನ್ನ ಬ್ಯಾಗಿಗೆ ಕೈಹಾಕಿದ್ದನಂತೆ. ಸಿಕ್ಕಿದ್ದು ಇದು.

"ನೋಡಮ್ಮ, ನಾನೇನು ಸುಳ್ಳು ಹೇಳ್ತಿಲ್ಲ. ಇಕಾ, ನಿನ್ ಹೆಸ್ರು. ಇಲ್ಲಿ ಲೋ ಅಂತ ಐತೆ, ಕೆಂಪಿಂಕಲ್ಲಿ ಗೆರೆ ಎಳ್ದವ್ರೆ."

ಆ ಕೋಣೆಯಲ್ಲಿ ಇಂಗ್ಲಿಷ್ ಸರಿಯಾಗಿ ಓದಬಲ್ಲವರು ಇಬ್ಬರೇ. ಒಬ್ಬಳು ಶಶಿಕಲಾ, ಅವಳು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಇನ್ನೊಬ್ಬ ನಾನು. ಅವಳು ತಟ್ಟೆ ಬಿಟ್ಟು ಕಾಗದ ತೆಗೆದುಕೊಂಡಳು. ಒಂದು ಸಲ ಓದಿದಳು. ಮೇಲಿಂದ ಇನ್ನೊಂದು ಸಲ ಓದಿದಳು. ಹೆಸರಿನ ಕೆಳಗಿನ ಸಾಲಿನಲ್ಲಿ, ಅದು ವೀರ್ಯ ಪರೀಕ್ಷೆಯ ವರದಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು.

ನಾನು ಕ್ಯಾಲೆಂಡರ್ ನೋಡಿದೆ.

ಅವಳು ಕಾಗದವನ್ನು ಅದೇ ನಾಲ್ಕು ಮಡಿಕೆಗೆ ಮಡಚಿ ಮಾವನ ಕೈಗೆ ಕೊಟ್ಟು ಒಳಗೆ ಹೋದಳು. ಮೊದಲ ಅಕ್ಕಿಯನ್ನು ಗಂಗಮ್ಮ ಹಾಕಿದರು. ನನಗೆ ಆ ವರದಿಯ ವಿಷಯ ಹನ್ನೊಂದು ದಿನದಿಂದ ಗೊತ್ತಿತ್ತು.

ಆ ಕಾಗದದ ಮೇಲೆ ಅವಳ ಹೆಸರು ಹೇಗೆ ಬಂತು ಎಂಬುದನ್ನು ಹೇಳಬೇಕು.

ಐದು ವರ್ಷ ಅವಳೊಬ್ಬಳಿಗೇ ಪರೀಕ್ಷೆ ನಡೆದಿತ್ತು. ಸ್ಕ್ಯಾನಿಂಗ್, ಹಾರ್ಮೋನ್ ಮಾತ್ರೆ, ಹೊಟ್ಟೆಗೆ ಬಣ್ಣದ ನೀರು ಬಿಟ್ಟು ತೆಗೆದ ಎಕ್ಸ್‌ರೇ. ಯಾರೋ ಕೊಟ್ಟ ಹಸಿರು ಪುಡಿ, ಅದನ್ನು ಬರಿಹೊಟ್ಟೆಯಲ್ಲಿ ಕುಡಿದು ಮೂರು ದಿನ ವಾಂತಿ. ನಾಗಲಮಡಿಕೆಗೆ ಹರಕೆ. ಪ್ರತಿ ಸಲವೂ ನಾನು ಬೈಕಿನಲ್ಲಿ ಕರೆದುಕೊಂಡು ಹೋಗಿ ಹೊರಗೆ ಕೂತಿರುತ್ತಿದ್ದೆ. ಎಂಥ ಒಳ್ಳೆಯ ಗಂಡ ಎಂದು ಜನ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಕೊನೆಗೆ ಮಧುಗಿರಿಯ ಒಬ್ಬ ಲೇಡಿ ಡಾಕ್ಟರ್ ಅವಳ ಫೈಲನ್ನು ಮೊದಲಿಂದ ಕೊನೆಯವರೆಗೆ ತಿರುವಿ ನನ್ನನ್ನು ಒಳಗೆ ಕರೆಸಿದರು.

"ಇಷ್ಟು ವರ್ಷದಲ್ಲಿ ನಿಮ್ದು ಒಂದ್ ಸಲಾನೂ ಮಾಡ್ಸಿಲ್ವಲ್ಲ, ಯಾಕೆ?"

"ಯಾರೂ ಹೇಳ್ಲಿಲ್ಲ ಮೇಡಂ."

"ನೀವೂ ಕೇಳ್ಲಿಲ್ಲ."

ಅವರು ಅವಳ ಚೀಟಿಯ ಮೇಲೆಯೇ ನನ್ನ ಪರೀಕ್ಷೆಯನ್ನು ಬರೆದುಕೊಟ್ಟರು. ಮಧುಗಿರಿಯ ಲ್ಯಾಬುಗಳಲ್ಲಿ ನನ್ನ ಮುಖ ಗೊತ್ತು, ಅವರ ಸೈಟು ಅಳೆದವನು ನಾನೇ. ಅದಕ್ಕೆ ಶಿರಾಕ್ಕೆ ಹೋದೆ. ಕೌಂಟರಿನ ಹುಡುಗಿ ಚೀಟಿ ನೋಡಿ ಹೆಸರು ಹೊಡೆದುಕೊಂಡಳು, ಒಂದು ಪುಟ್ಟ ಡಬ್ಬಿ ಕೊಟ್ಟು ಪ್ಯಾಸೇಜಿನ ಕೊನೆಯ ಟಾಯ್ಲೆಟ್ ತೋರಿಸಿದಳು. ಅದಕ್ಕೆ ಚಿಲಕ ಇರಲಿಲ್ಲ. ಎರಡು ಸಲ ಒಳಗೆ ಹೋಗಿ ಹೊರಗೆ ಬಂದೆ. ಮೂರನೆಯ ಸಲ ಬೆಂಚಿನ ಮೇಲೆ ಕೂತಿದ್ದ ಗಡ್ಡದ ಹಿರಿಯರೊಬ್ಬರು ಎದ್ದರು. ಶುಗರ್ ಪರೀಕ್ಷೆಗೆ ಬಂದವರು.

"ಹೋಗಪ್ಪ ಬೇಟಾ. ದರ್ವಾಜ ನಾನ್ ನೋಡ್ಕೊಂತೀನಿ."

ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ನಿಂತರು. ಯಾರೋ ಬಂದು ಬಾಗಿಲು ತಟ್ಟಿದ್ದು, ಅವರು "ಅರೇ ಸಬರ್ ಮಾಡ್ರೀ, ಒಳ್ಗೆ ಮನುಷ್ಯರವ್ರೆ" ಎಂದು ಗದರಿದ್ದು ನನಗೆ ಕೇಳಿಸಿತು. ನಾನು ಹೊರಗೆ ಬಂದಾಗ ಅವರು ನನ್ನ ಕೈಯಲ್ಲಿದ್ದ ಡಬ್ಬಿಯನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಯಾವ ಲೆಕ್ಕಾಚಾರವೂ ಇಲ್ಲದೆ ಸಿಕ್ಕ ದಯೆ ಅದೊಂದೇ.

ಸಂಜೆ ನಾಲ್ಕಕ್ಕೆ "ಶಶಿಕಲಾ ಕಡೆಯವ್ರು ಯಾರ್ರೀ?" ಎಂದು ಕೂಗಿದರು. ರಿಪೋರ್ಟು ಇಸಿದುಕೊಂಡೆ. ಹೆಸರಿನ ಜಾಗದಲ್ಲಿ ನನ್ನ ಹೆಂಡತಿಯ ಹೆಸರು. ಸಂಖ್ಯೆ ಇರಬೇಕಾದುದಕ್ಕಿಂತ ತೀರಾ ಕೆಳಗೆ, ಅದರ ಕೆಳಗೆ ಕೆಂಪು ಗೆರೆ.

ಪಹಣಿಯಲ್ಲಿ ಒಬ್ಬನ ಜಮೀನು ಇನ್ನೊಬ್ಬನ ಹೆಸರಿಗೆ ಕೂತುಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತು. ಅದನ್ನು ತಿದ್ದಿಸಲು ಜನ ಹತ್ತು ವರ್ಷ ಓಡಾಡುವುದನ್ನು ನೋಡಿದ್ದೇನೆ. ಅಂಥ ತಪ್ಪನ್ನು ಮೊದಲ ನೋಟಕ್ಕೆ ಹಿಡಿಯುವುದೇ ನನ್ನ ಕೆಲಸ. ಕೌಂಟರು ನನ್ನಿಂದ ಮೂರು ಹೆಜ್ಜೆ ದೂರದಲ್ಲಿತ್ತು. "ಹೆಸರು ತಪ್ಪಾಗಿದೆ" ಎಂದು ಎರಡು ಮಾತು ಸಾಕಿತ್ತು. ನೋಡಿದೆ, ಓದಿದೆ, ಮಡಚಿ ಬ್ಯಾಗಿನೊಳಗೆ ಇಟ್ಟೆ. ಭಯವಾಗಿತ್ತು, ನಿಜ. ಆದರೆ ಆ ಹೆಸರು ಕಂಡಾಗ ಭಯಕ್ಕಿಂತ ಮೊದಲು ಸಮಾಧಾನವಾಗಿತ್ತು. ಇದನ್ನು ಬರೆಯಲು ನನಗೆ ಮೂರು ವರ್ಷ ಬೇಕಾಯಿತು. ಮನೆಯಲ್ಲಿ ಕೇಳಿದಾಗ ರಿಪೋರ್ಟು ಇನ್ನೂ ಬಂದಿಲ್ಲ ಎಂದೆ.

ಸೀಮಂತದ ದಿನ ಶಶಿಕಲಾ ಬಂದವರಿಗೆಲ್ಲ ಊಟ ಬಡಿಸಿದಳು. ಮಾರನೆಯ ದಿನ ಬೆಳಗ್ಗೆ ಒಂದು ಬ್ಯಾಗು ಹಿಡಿದು ಪಾವಗಡ ಕಡೆಯ ತವರಿಗೆ ಹೊರಟಳು. ನಾನು ಬಸ್‌ಸ್ಟಾಂಡಿನವರೆಗೆ ಹೋದೆ.

"ಆ ಕಾಗ್ದದ ಮೇಲೆ ನನ್ ಹೆಸ್ರು ಯಾರು ಹಾಕಿದ್ದು?"

"ಲ್ಯಾಬಿನವ್ರು. ಚೀಟಿ ನಿನ್ ಹೆಸರಲ್ಲಿತ್ತು, ಅದ್ನೇ ಹೊಡ್ಕೊಂಡವ್ರೆ."

"ನೀವು ನೋಡಿದ್ರಾ?"

"ನೋಡ್ದೆ."

"ಯಾವಾಗ?"

"ಅವತ್ತೇ."

ಅವಳು ಬಸ್ಸು ಹತ್ತಿ ಆಚೆ ಬದಿಯ ಕಿಟಕಿಗೆ ಕೂತಳು.

ಅವಳು ಹೋದ ಮೇಲೆ ನಾನು ತುಮಕೂರಿನಲ್ಲಿ ಇದಕ್ಕೆಂದೇ ಇರುವ ಡಾಕ್ಟರನ್ನು ನೋಡಿದೆ. ಪ್ಯಾಂಟು ಬಿಚ್ಚಿ ನಿಲ್ಲಲು ಹೇಳಿದರು. ಕಲಿಯುತ್ತಿದ್ದ ಇಬ್ಬರು ಪಕ್ಕದಲ್ಲಿದ್ದರು. "ಉಸಿರು ಹಿಡ್ದು ಮುಕ್ಕಿ" ಎಂದರು. ಮುಕ್ಕಿದೆ. ಅವರು ಎಡಗಡೆ ಮುಟ್ಟಿ ನೋಡಿ ಆ ಇಬ್ಬರಿಗೆ ಹೇಳಿದರು, ನನಗಲ್ಲ: "ಸಿಕ್ತಾ?" ಒಬ್ಬ ಸಿಕ್ಕಿತೆಂದ.

ಅವರಿಗೆ ಸಿಕ್ಕಿದ್ದು ನನಗೆ ಕಾಲೇಜಿನ ದಿನಗಳಿಂದ ಗೊತ್ತಿತ್ತು. ಎಡಗಡೆ ಬೀಜದ ಮೇಲೆ ಮೆತ್ತಗೆ, ಒತ್ತುಶಾವಿಗೆಯ ಸಣ್ಣ ಸಿಂಬೆಯಂತೆ ಕೈಗೆ ಸಿಗುತ್ತಿತ್ತು. ಹೊಲದಲ್ಲಿ ದಿನವಿಡೀ ನಿಂತರೆ ಸಂಜೆಗೆ ಕಲ್ಲು ಕಟ್ಟಿದಷ್ಟು ಭಾರ, ಮಲಗಿದರೆ ಮಾಯ. ಬೈಕಿನ ಸೀಟಿನಿಂದ ಎಂದುಕೊಂಡು ಸೀಟು ಬದಲಾಯಿಸಿದ್ದೆ. ಅದರ ಹೆಸರು ವೆರಿಕೋಸೀಲ್ ಎಂದರು ಡಾಕ್ಟರ್. ರಕ್ತನಾಳ ಉಬ್ಬಿ ರಕ್ತ ಅಲ್ಲೇ ನಿಲ್ಲುತ್ತದೆ, ಆ ಜಾಗ ಬಿಸಿಯಾಗುತ್ತದೆ, ಬಿಸಿಗೆ ವೀರ್ಯ ಕೆಡುತ್ತದೆ. ಇದಿದ್ದೂ ಮಕ್ಕಳಾದವರು ಬಹಳ ಜನ ಇದ್ದಾರೆ, ನಿಮಗೆ ಆಪರೇಷನ್ ಮಾಡಿದರೆ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು ಎಂದರು. ಇಷ್ಟು ಹೇಳಲು ಅವರಿಗೆ ಹಿಡಿದದ್ದು ಐದು ನಿಮಿಷ. ಇದೇ ಐದು ನಿಮಿಷವನ್ನು ನಾನು ಐದು ವರ್ಷದ ಹಿಂದೆ ಕೂತು ಕೇಳಬಹುದಾಗಿತ್ತು.

ಮನೆಯಲ್ಲಿ ಹರ್ನಿಯಾ ಆಪರೇಷನ್ ಎಂದು ಹೇಳಿದೆ. ನಮ್ಮ ಕಡೆ ಗಂಡಸಿಗೆ ಸೊಂಟದ ಕೆಳಗೆ ಏನಾದರೂ ಅದು ಹರ್ನಿಯಾ, ಯಾರೂ ಮುಂದೆ ಕೇಳುವುದಿಲ್ಲ. ಮಕ್ಕಳಾಗದಿದ್ದರೆ ಅದು ಹೆಂಗಸಿನದು, ಆಗಲೂ ಯಾರೂ ಮುಂದೆ ಕೇಳುವುದಿಲ್ಲ.

ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರಿಲ್ಲದೆ ಒಳಗೆ ಬಿಡುವುದಿಲ್ಲ ಎಂದರು. ತಮ್ಮನನ್ನು ಕರೆದರೆ ಕಾಯಿಲೆಯ ಹೆಸರು ಅವನ ಕಿವಿಗೆ ಬೀಳುತ್ತದೆ. ಶಶಿಕಲಾಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿ ಇಟ್ಟುಬಿಟ್ಟಳು. ಆಪರೇಷನ್ ದಿನ ಬೆಳಗ್ಗೆ ಅವಳ ತಂದೆ ನಾಗಭೂಷಣಪ್ಪ ಪಾವಗಡದ ಮೊದಲ ಬಸ್ಸಿಗೆ ಬಂದರು. ಸಹಿ ಹಾಕಿದರು. ನನ್ನ ಪಕ್ಕ ಕೂತು ಫ್ಲಾಸ್ಕಿನಿಂದ ತಮಗೊಬ್ಬರಿಗೇ ಕಾಫಿ ಬಗ್ಗಿಸಿಕೊಂಡರು.

"ಮಾವ, ನೀವು ಬರ್ತೀರ ಅಂದ್ಕೊಂಡಿರ್ಲಿಲ್ಲ."

"ನೀನು ಚೆಂದಾಗಿರ್ಲಿ ಅಂತ ಬಂದಿಲ್ಲ ನಾಯ್ನಾ" ಎಂದರು ಅವರು. "ಒಳಗಡೆ ನಿನಗೇನಾನ ಆಗೋದ್ರೆ ಆ ನಿಜ ಹೇಳೋನು ಇನ್ನೊಬ್ನಿಲ್ಲ. ಅದಿಕ್ಕೆ ಬಂದೆ. ಎದ್ದು ಬಾ, ಬಂದು ಹೇಳು. ಆಮೇಲೆ ನಿನ್ನಿಷ್ಟ."

ನನಗೆ ಅರಿವಳಿಕೆ ಇಳಿದು ವಾಂತಿ ಬಂದಾಗ ಬೋಗುಣಿ ಹಿಡಿದವರು ಅವರೇ, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು.

ಎರಡು ವಾರ ಕಾಲು ಅಗಲಿಸಿ ನಡೆದೆ. ಎಡಗಡೆ ತೊಡೆಯ ಸಂದಿನಲ್ಲಿ ಹೆಬ್ಬೆರಳುದ್ದದ ಗಾಯ. ಅಮ್ಮ ರಾಗಿ ಗಂಜಿ ಮಾಡಿಕೊಟ್ಟರು. ಗಂಜಿ ಕೊಡುತ್ತಲೇ, ಮೂಡ್ಲಗಿರಿಮಾವ ನನಗೆ ಇನ್ನೊಂದು ಮದುವೆಗೆ ಹುಡುಗಿ ನೋಡುತ್ತಿದ್ದಾನೆ ಎಂದೂ ಹೇಳಿದರು. ಅವನು ಆ ರಿಪೋರ್ಟನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಮದಲೂರಿನಲ್ಲಿ ತೋರಿಸಿದ್ದ. ಶಿರಾದಲ್ಲಿ ತೋರಿಸಿದ್ದ. ಪಾವಗಡ ತಾಲ್ಲೂಕಿನಲ್ಲೇ, ಶಶಿಕಲಾಳ ಊರಿಗೆ ಮೂರು ಮೈಲಿ ಈಚೆ, ಒಂದು ಮನೆಯಲ್ಲಿ ತೋರಿಸಿ ಬಂದಿದ್ದ. ಅವರು ಅದನ್ನು ನೋಡಿ, ಪಾಪ, ಗಂಡಿನದೇನೂ ತಪ್ಪಿಲ್ಲ ಎಂದರಂತೆ. ನಾನು ಗಂಜಿ ಕುಡಿದು ಲೋಟ ಕೆಳಗಿಟ್ಟೆ. ಅವತ್ತೂ ಹೇಳಲಿಲ್ಲ.

ಐದು ತಿಂಗಳ ಮೇಲೆ ಡಾಕ್ಟರ್ ಮತ್ತೆ ಪರೀಕ್ಷೆ ಬರೆದರು. ನಾನು ಶಿರಾದ ಅದೇ ಲ್ಯಾಬಿಗೆ ಹೋದೆ. ಕೌಂಟರಿನಲ್ಲಿ ನನ್ನ ಹೆಸರು, ತಂದೆಯ ಹೆಸರು, ವಯಸ್ಸು ಹೇಳಿದೆ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಲು ಹೇಳಿ ಅಕ್ಷರ ನೋಡಿಕೊಂಡೆ. ಹುಡುಗಿ "ಅದ್ಯಾಕ್ ಸಾರ್ ಇಷ್ಟೊಂದು?" ಎಂದಳು. ಟಾಯ್ಲೆಟ್ಟಿಗೆ ಚಿಲಕ ಇನ್ನೂ ಹಾಕಿಸಿರಲಿಲ್ಲ. ಈ ಸಲ ನಾನೇ ಒಳಗಿನಿಂದ ಕಾಲು ಕೊಟ್ಟುಕೊಂಡೆ.

ಸಂಖ್ಯೆ ಮೊದಲಿಗಿಂತ ಹೆಚ್ಚಾಗಿತ್ತು. ಆದರೂ ಕಡಿಮೆಯೇ. ಕೆಂಪು ಗೆರೆ ಇತ್ತು. ಮೇಲೆ ನನ್ನ ಹೆಸರು: ತಿಮ್ಮರಾಜು.

ಅದರ ಫೋಟೋ ಶಶಿಕಲಾಗೆ ಕಳಿಸಿದೆ. ಹುಡುಗಿಯ ಮನೆಯವರು ಬರುವ ಭಾನುವಾರ ನಮ್ಮ ಮನೆ ನೋಡಲು ಬರುತ್ತಾರೆ ಎಂದೂ ಬರೆದೆ. ಅವಳು ಫೋನು ಮಾಡಿದಳು, ಏಳು ತಿಂಗಳಲ್ಲಿ ಮೊದಲ ಸಲ.

"ನನ್ ಹತ್ರ ಕ್ಷಮೆ ಕೇಳ್ಬೇಡಿ. ಅವತ್ತು ಎಲ್ಲಿ ನಿಂತಿದ್ರೋ ಅಲ್ಲೇ ನಿಂತು ಹೇಳಿ. ನಾನ್ ಬಂದು ಕೇಳ್ತೀನಿ."

"ಅವರು ಬರೋದ್ರೊಳಗೆ ಹೇಳ್ತೀನಿ."

"ಹನ್ನೊಂದು ದಿನದಲ್ಲಿ ಹೇಳಿಲ್ಲ ನೀವು" ಎಂದಳು.

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಅವಳು ತಂದೆಯ ಜೊತೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ನಿಂತಳು. ನಡುಮನೆಯಲ್ಲಿ ಅಮ್ಮ, ಮೂಡ್ಲಗಿರಿಮಾವ, ಮಗುವನ್ನು ಎತ್ತಿಕೊಂಡ ರಮ್ಯ, ಮಜ್ಜಿಗೆಗೆಂದು ಬಂದಿದ್ದ ಗಂಗಮ್ಮ ಇದ್ದರು. ನಾನು ಕ್ಯಾಲೆಂಡರಿನ ಪಕ್ಕ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಆ ರಿಪೋರ್ಟು ನಂದು" ಎಂದೆ. "ಕಮ್ಮಿ ಇರೋದು ನನ್ನಲ್ಲಿ. ಅವಳಲ್ಲಿ ಏನೂ ಇಲ್ಲ. ನಂಗೆ ಮೊದಲಿಂದ ಗೊತ್ತಿತ್ತು."

ಯಾರಾದರೂ ಅಳಬಹುದು, ಹೊಡೆಯಬಹುದು ಎಂದುಕೊಂಡಿದ್ದೆ. ಅವರು ನನ್ನನ್ನು ನಂಬಲೇ ಇಲ್ಲ.

"ಬಾಯ್ ಮುಚ್ಲಾ" ಎಂದರು ಅಮ್ಮ. "ಬಾಗ್ಲಲ್ಲಿ ನಿಂತವ್ಳಲ್ಲ, ಅವಳು ಹೇಳ್ಕೊಟ್ಟಿರೋ ಮಾತು ಇದು."

ಮಾವ ಜೇಬಿನಿಂದ ಹಳೆಯ ಕಾಗದ ತೆಗೆದ. ಮಡಿಕೆಗಳಲ್ಲಿ ಹರಿದು ಸೆಲ್ಲೋಟೇಪು ಹಾಕಿಸಿದ್ದ. "ಇಲ್ಲಿ ಅವಳ ಹೆಸ್ರು ಐತೆ ಕಣ್ಲಾ. ದಾಖಲೆ ಏನ್ ಹೇಳ್ತದೋ ಅದು. ನೀನೇ ಅಲ್ವಾ ಊರೋರ್‌ಗೆಲ್ಲ ಹಂಗ್ ಹೇಳೋನು?"

"ನಾನು ಆಪರೇಷನ್ ಮಾಡಿಸ್ಕೊಂಡಿದ್ದು ಅದಕ್ಕೇ ಮಾವ."

"ಅದು ಹರ್ನಿಯಾ ಅಂತ ನೀನೇ ಹೇಳಿದ್ಯಲ್ಲೋ!"

ಗಂಗಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ನಾನು ಹೇಳಿದ್ದ ಒಂದೊಂದು ಸುಳ್ಳೂ ಇನ್ನೊಂದರ ಕಾವಲಿಗೆ ನಿಂತಿತ್ತು. ಗಾಯ ತೋರಿಸಿದರೆ ಹರ್ನಿಯಾ, ಕಾಗದ ತೋರಿಸಿದರೆ ಶಶಿಕಲಾ. ಅವಳ ಮುಖ ನೋಡಿದೆ. ಅವಳು ಏನೂ ಹೇಳಿಕೊಡುವವಳಂತೆ ಇರಲಿಲ್ಲ, ಸುಮ್ಮನೆ ಕಾಯುತ್ತಿದ್ದಳು. ಆಗ ಹೊಸ ರಿಪೋರ್ಟನ್ನು ತೆಗೆದು ಮಾವನ ಕೈಗೆ ಕೊಟ್ಟೆ.

"ಹೆಸ್ರು ಓದು."

ಅವನು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದ. "ತಿಮ್ಮ... ತಿಮ್ಮರಾಜು."

"ಕೆಂಪು ಗೆರೆ?"

"ಐತೆ."

"ಅಲ್ಲೇನೈತೆ?"

ಅವನು ಬಹಳ ಹೊತ್ತು ನೋಡಿದ. "ಲೋ" ಎಂದ.

ಅಮ್ಮ ಎದ್ದು ಹೋಗಿ ಬೀದಿ ಕಡೆಯ ಕಿಟಕಿ ಹಾಕಿ ಬಂದರು. ಅವರು ಮಾಡಿದ ಮೊದಲ ಕೆಲಸ ಅದು. ಆಮೇಲೆ ಶಶಿಕಲಾಳ ಕಡೆ ತಿರುಗದೆ ನನಗೆ ಹೇಳಿದರು: "ಆಯ್ತು. ಇಲ್ಲಿಗೇ ಮುಗೀತು. ಆಚೆ ಎಲ್ಲೂ ಬಾಯ್ ಬುಡಬ್ಯಾಡ. ನಾಳೆ ಲೋಕೇಶನ ಮಕ್ಕಳಿಗೂ ಹೆಣ್ಣು ಗಂಡು ತರಬೇಕು ನಾವು."

"ಅತ್ತೆ, ನನ್ ಹೆಸ್ರು ಆಚೇಲೇ ಓಡಾಡ್ತಾ ಐತೆ" ಎಂದಳು ಶಶಿಕಲಾ. ಅವತ್ತು ಆ ಮನೆಯಲ್ಲಿ ಅವಳು ಆಡಿದ ಮಾತು ಅಷ್ಟೇ.

ಹುಡುಗಿಯ ಮನೆಯವರಿಗೆ ಬರಬೇಡಿ ಎಂದು ಹೇಳಿ ಕಳಿಸಿದರು. ಕಾರಣ ಹೇಳಲಿಲ್ಲ. ಶಶಿಕಲಾ ಆ ಹೊಸ್ತಿಲು ದಾಟಲಿಲ್ಲ, ಇವತ್ತಿನವರೆಗೂ ದಾಟಿಲ್ಲ. ಮೂರು ತಿಂಗಳ ಮೇಲೆ ಮಧುಗಿರಿಯಲ್ಲಿ ನಾನು ಮಾಡಿದ ಬಾಡಿಗೆ ಮನೆಗೆ ಬಂದಳು. ಮನೆಗೆ ಬಂದಿದ್ದೇನೆ, ಮರೆತು ಬಂದಿಲ್ಲ ಎಂದು ಮೊದಲ ದಿನವೇ ಹೇಳಿದಳು. ನಮಗೆ ಇನ್ನೂ ಮಕ್ಕಳಿಲ್ಲ. ಮುಂದೆ ಯಾವ ಚಿಕಿತ್ಸೆ, ಮಾಡಿಸುವುದೋ ಬೇಡವೋ ಎಂಬುದನ್ನು ಅವಳು ಯೋಚಿಸಿ ಹೇಳುತ್ತೇನೆ ಎಂದಿದ್ದಾಳೆ. ನಾನು ಕೇಳುವುದಿಲ್ಲ. ಲ್ಯಾಬಿಗೆ ಹೋಗುವಾಗ ನನ್ನ ಫೈಲು ಬೇರೆ, ಅವಳ ಫೈಲು ಬೇರೆ.

ಕೈಯಲ್ಲಿ ಡಬ್ಬಿ ಹಿಡಿದು ಚಿಲಕವಿಲ್ಲದ ಬಾಗಿಲ ಮುಂದೆ ನಿಂತ ಗಂಡಸು ಇದನ್ನು ಓದುತ್ತಿದ್ದರೆ ಅವನಿಗೆ ಹೇಳುವುದು ಇಷ್ಟೇ. ಆಪರೇಷನ್ ನೋವು ಎರಡು ವಾರದ್ದು. ಅದು ಏನೂ ಅಲ್ಲ. ಕೊಡುವ ಮುಂಚೆ ಡಬ್ಬಿಯ ಮೇಲಿನ ಹೆಸರು ಓದಿಕೋ.

ಹೋದ ವರ್ಷ ಮೂಡ್ಲಗಿರಿಮಾವ ತೀರಿಕೊಂಡ. ಹಳೆಯ ಕಾಗದ ಅವನ ಅಂಗಿ ಜೇಬಿನಲ್ಲೇ ಇತ್ತು, ನಾನೇ ತೆಗೆದೆ. ಅದನ್ನು ಎಷ್ಟು ಮನೆಗಳಲ್ಲಿ ತೋರಿಸಿದ್ದನೋ ಅಷ್ಟೂ ಮನೆಗಳಲ್ಲಿ ಶಶಿಕಲಾ ಇನ್ನೂ ಮಕ್ಕಳಾಗದ ಹೆಂಗಸು, ನಾನು ಪಾಪದವನು. ಆ ಮನೆಗಳ ಪಟ್ಟಿ ಅವನೊಬ್ಬನಿಗೇ ಗೊತ್ತಿತ್ತು. ಒಂದೊಂದಾಗಿ ಹೋಗಿ ತಿದ್ದಲು ನನಗೆ ವಿಳಾಸವಿಲ್ಲ. ಅದಕ್ಕೆ ಬರೆದಿದ್ದೇನೆ.

ಹಿತ್ತಾಳೆ ತಟ್ಟೆಯನ್ನು ಕೈಯಿಂದ ತೆಗೆದ ದಿನವೂ, ಹೊಸ ರಿಪೋರ್ಟಿನ ಹೆಸರು ಓದಿಸಿದ ದಿನವೂ, ಎರಡೂ ದಿನ ಅಲ್ಲಿದ್ದು ಕಣ್ಣಾರೆ ಕಂಡು ಈಗಲೂ ಬದುಕಿರುವವರು, ನನ್ನನ್ನು ಬಿಟ್ಟು, ನಾಲ್ವರು. ನನ್ನ ತಮ್ಮನ ಹೆಂಡತಿ ರಮ್ಯ. ಪಕ್ಕದ ಮನೆಯ ಗಂಗಮ್ಮ, ಮೊದಲ ಅಕ್ಕಿ ಹಾಕಿದವರು. ನನ್ನ ತಾಯಿ ಲಕ್ಷ್ಮೀದೇವಮ್ಮ, ಕಿಟಕಿ ಹಾಕಿದವರು. ಕೇಳಿದರೆ ಇಲ್ಲ ಎನ್ನುತ್ತಾರೆ. ನನ್ನ ಹೆಂಡತಿ ಶಶಿಕಲಾ, ಒಂದು ದಿನ ಎಂಟು ಅಡಿ ದೂರದಿಂದ, ಇನ್ನೊಂದು ದಿನ ಹೊಸ್ತಿಲ ಆಚೆಯಿಂದ.